ಟೊಮೇಟೊಗೆ ಅಂಗಮಾರಿ ಬಂತಾ? ಮೊದಲು ಎಲೆ ತಿರುಗಿಸಿ ನೋಡಿ

ಮೂರು ದಿನ ಮೋಡ ಮುಚ್ಚಿಕೊಂಡು ಜಿಟಿಜಿಟಿ ಮಳೆ ಹಿಡಿಯಿತು ಅಂದರೆ ಕೋಲಾರ, ಚಿಂತಾಮಣಿ, ಶಿಡ್ಲಘಟ್ಟ ಕಡೆ ಟೊಮೇಟೊ ಹಾಕಿದ ರೈತರಿಗೆ ನಿದ್ದೆ ಬರುವುದಿಲ್ಲ. ಹಿತ್ತಲಲ್ಲೋ ಮಹಡಿ ಮೇಲೋ ನಾಲ್ಕೈದು ಗಿಡ ಬೆಳೆಸುವವರು ಮಾತ್ರ ನೀರು ಹಾಕುವ ಕೆಲಸ ತಪ್ಪಿತು ಅಂತ ಒಳಗೆ ಕೂತಿರುತ್ತಾರೆ. ಬಿಸಿಲು ಬಂದ ದಿನ ಹೋಗಿ ನೋಡಿದರೆ ಕುದಿಯುವ ನೀರು ಎರಚಿದ ಹಾಗೆ ಎಲೆಯೆಲ್ಲ ಬೆಂದು, ಕಪ್ಪಾಗಿ ಜೋತುಬಿದ್ದಿರುತ್ತದೆ. ದೃಷ್ಟಿ ಬಿತ್ತು ಅನ್ನುವವರು ಒಬ್ಬರು, ಗೊಬ್ಬರ ಜಾಸ್ತಿ ಆಯ್ತು ಅನ್ನುವವರು ಇನ್ನೊಬ್ಬರು. ಮಳೆ ಹಿಂದೆಯೇ ಹೀಗಾದರೆ ಮೊದಲು ಅನುಮಾನಿಸಬೇಕಾದ್ದು ಅಂಗಮಾರಿಯನ್ನು. ಅದರಲ್ಲೂ ತಡ ಅಂಗಮಾರಿಯನ್ನು, ಇಂಗ್ಲಿಷಿನಲ್ಲಿ ಲೇಟ್ ಬ್ಲೈಟ್ ಅನ್ನುವ ರೋಗವನ್ನು.

ಇದು ಬರೀ ನಿಮ್ಮ ನಾಲ್ಕು ಗಿಡದ ವಿಷಯ ಅಲ್ಲ. ಈ ರೋಗ ಗಾಳಿಯಲ್ಲಿ ಹೋಗುತ್ತದೆ. ನಿಮ್ಮ ಕಾಂಪೌಂಡ್ ಆಚೆ ಯಾರೋ ಸಾಲ ಮಾಡಿ ಎರಡು ಎಕರೆ ಹಾಕಿರುತ್ತಾರೆ. ದೇಶದ ದೊಡ್ಡ ಟೊಮೇಟೊ ಮಾರುಕಟ್ಟೆಗಳಲ್ಲಿ ಒಂದು ಕೋಲಾರದಲ್ಲಿದೆ, ಸುತ್ತ ಎಲ್ಲಿ ನೋಡಿದರೂ ಟೊಮೇಟೊ. ಹಾಗಾಗಿ ನಮ್ಮ ಕಡೆ ಕೈತೋಟ ಮಾಡುವವರು ಬೇರೆ ಊರಿನವರಿಗಿಂತ ಸ್ವಲ್ಪ ಹೆಚ್ಚು ಎಚ್ಚರ ಇರಬೇಕು, ಗಿಡ ಕೀಳುವ ಸಮಯ ಬಂದಾಗ ಸ್ವಲ್ಪ ಕಲ್ಲು ಮನಸ್ಸೂ ಮಾಡಬೇಕು.

ಇದು ಯಾವ ಜೀವಿ, ಅದನ್ನು ತಿಳಿದು ಏನಾಗಬೇಕು

ರೋಗಕ್ಕೆ ಕಾರಣ ಫೈಟಾಫ್ತೊರಾ ಇನ್‌ಫೆಸ್ಟಾನ್ಸ್ ಎಂಬ ಸೂಕ್ಷ್ಮಜೀವಿ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ಕೊಳೆಸಿ ದೊಡ್ಡ ಕ್ಷಾಮ ತಂದದ್ದು ಇದೇ. ಮಲೆನಾಡಿನ ಅಡಿಕೆಗೆ ಬರುವ ಕೊಳೆರೋಗ ಇದರ ದಾಯಾದಿ. ನೋಡಲು ಬೂಸ್ಟಿನಂತೆ ಕಂಡರೂ ಇದು ನಿಜವಾದ ಶಿಲೀಂಧ್ರ ಅಲ್ಲ. ನೀರಿನಲ್ಲಿ ಈಜುವ ಬೀಜಕಗಳನ್ನು, ಅಂದರೆ ರೋಗ ಹರಡುವ ಬೀಜದಂಥ ಸೂಕ್ಷ್ಮ ಕಣಗಳನ್ನು, ಬಿಡುವ ಬೇರೆಯೇ ಗುಂಪು.

ಇದನ್ನು ಸುಮ್ನೆ ಹೇಳುತ್ತಿಲ್ಲ. ಅಂಗಡಿಗೆ ಹೋಗಿ "ಎಲೆ ಕಪ್ಪಾಗ್ತಿದೆ, ಏನಾದ್ರೂ ಕೊಡಿ" ಅಂದರೆ ಎಷ್ಟೋ ಕಡೆ ಕಾರ್ಬೆಂಡಜಿಮ್ ಕೊಟ್ಟು ಕಳಿಸುತ್ತಾರೆ. ಅದು ನಿಜವಾದ ಶಿಲೀಂಧ್ರಗಳಿಗೆ ಒಳ್ಳೆಯ ಔಷಧಿಯೇ. ಆದರೆ ಈ ಗುಂಪಿನ ಮೇಲೆ ಕೆಲಸ ಮಾಡುವುದಿಲ್ಲ. ಗಂಧಕವೂ ಅಷ್ಟೇ. ದುಡ್ಡು ಹೋಗುತ್ತದೆ, ಅದಕ್ಕಿಂತ ಮುಖ್ಯವಾಗಿ ನಾಲ್ಕು ದಿನ ಹೋಗುತ್ತದೆ. ಈ ರೋಗದಲ್ಲಿ ನಾಲ್ಕು ದಿನ ಅಂದರೆ ಇಡೀ ಗಿಡ.

ಯಾವಾಗ ಎಚ್ಚರ ಇರಬೇಕು

ಇದಕ್ಕೆ ಬೇಕಾದ್ದು ಎರಡೇ: ತಂಪು, ಒದ್ದೆ ಎಲೆ. ಉಷ್ಣಾಂಶ 10ರಿಂದ 24 ಡಿಗ್ರಿ ನಡುವೆ ಇದ್ದು, ಎಲೆ ಹತ್ತು ಹನ್ನೆರಡು ಗಂಟೆ ಒದ್ದೆಯಾಗೇ ಇದ್ದರೆ ಬೀಜಕ ಮೊಳೆತು ಒಳಗೆ ಇಳಿಯುತ್ತದೆ. ಮೂರರಿಂದ ಏಳು ದಿನದಲ್ಲಿ ಚುಕ್ಕೆ ಕಾಣುತ್ತದೆ. ಅಂದರೆ ನೀವು ಚುಕ್ಕೆ ನೋಡಿದ ದಿನ ರೋಗ ಬಂದ ದಿನ ಅಲ್ಲ, ಅದು ಆಗಲೇ ಒಳಗೆ ಕೂತು ಕೆಲವು ದಿನ ಆಗಿರುತ್ತದೆ. ಆ ಚುಕ್ಕೆಗಳಿಂದ ಮತ್ತೆ ಬೀಜಕ ಹಾರಿ ಪಕ್ಕದ ಗಿಡಕ್ಕೆ ಕೂರುತ್ತದೆ.

ನಮ್ಮ ಚಿಕ್ಕಬಳ್ಳಾಪುರ, ಕೋಲಾರ ಎಂಟೊಂಬೈನೂರು ಮೀಟರ್ ಎತ್ತರದಲ್ಲಿವೆ. ರಾತ್ರಿ ತಂಪು. ಸೆಪ್ಟೆಂಬರ್, ಅಕ್ಟೋಬರ್ ನಮ್ಮ ಜೋರು ಮಳೆಗಾಲ. ಅದು ಮುಗಿಯಿತು ಅನ್ನುವಷ್ಟರಲ್ಲಿ ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ಸುದ್ದಿ ಬರುತ್ತದೆ, ಇಲ್ಲಿ ಸೂರ್ಯನೇ ಕಾಣುವುದಿಲ್ಲ. 2021ರ ನವೆಂಬರ್ ನೆನಪಿದೆ ಅಲ್ವಾ? ರಾಗಿ ತೆನೆ ಹೊಲದಲ್ಲೇ ಮೊಳಕೆ ಒಡೆದ ವರ್ಷ. ಆ ತರಹದ ವಾರಗಳೇ ಇದರ ಸುಗ್ಗಿ. ಡಿಸೆಂಬರ್, ಜನವರಿಯಲ್ಲಿ ಮಳೆ ಇಲ್ಲದಿದ್ದರೂ ನಂದಿ ಬೆಟ್ಟದ ಸುತ್ತಲ ಊರುಗಳಲ್ಲಿ ಮಂಜು, ಇಬ್ಬನಿ ಒಂಬತ್ತು ಗಂಟೆವರೆಗೂ ಎಲೆ ಮೇಲೆ ನಿಂತಿರುತ್ತದೆ. ಅಷ್ಟೂ ಸಾಕು. ಪಾವಗಡದಂಥ ಒಣ ಊರಿನಲ್ಲೂ ಸೈಕ್ಲೋನ್ ಮೋಡ ವಾರ ನಿಂತರೆ ಅಪಾಯವೇ. ಏಪ್ರಿಲ್, ಮೇ ಬಿಸಿಲಲ್ಲಿ ಎಲೆ ಸುಟ್ಟಂತಾದರೆ ಮಾತ್ರ ಇದನ್ನು ದೂರಬೇಡಿ. 35 ಡಿಗ್ರಿ ಒಣ ಬಿಸಿಲು ಇದಕ್ಕೆ ಆಗಿಬರುವುದಿಲ್ಲ.

ಹವಾಮಾನ ಸುದ್ದಿಯಲ್ಲಿ ಎರಡು ದಿನಕ್ಕಿಂತ ಜಾಸ್ತಿ ಮೋಡ, ತುಂತುರು ಮಳೆ ಅಂದರೆ ಕೆಲಸ ಅವತ್ತೇ ಶುರು ಮಾಡಿ. ಚುಕ್ಕೆ ಬರಲಿ ನೋಡೋಣ ಅಂತ ಕಾಯಬೇಡಿ.

ಗುರುತಿಸುವುದು ಹೇಗೆ

ಬೆಳಗ್ಗೆ ಆರೂವರೆ ಏಳಕ್ಕೆ, ಇಬ್ಬನಿ ಆರುವ ಮುಂಚೆ ಹೋಗಿ. ಗಿಡದ ಮಧ್ಯದ ಎಲೆಗಳಿಂದ ಶುರು ಮಾಡಿ. ಎಲೆಯ ತುದಿ ಅಥವಾ ಅಂಚಿನಲ್ಲಿ ನೀರು ಹೀರಿಕೊಂಡಂಥ, ಬೂದಿ ಮಿಶ್ರಿತ ಹಸಿರು ಬಣ್ಣದ ತೇಪೆ ಕಾಣುತ್ತದೆ. ಆಕಾರ ಅಂತ ಇಲ್ಲ, ಅಂಚು ಸ್ಪಷ್ಟ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಅದೇ ತೇಪೆ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಮರುದಿನ ಕಪ್ಪು.

ಈಗ ಆ ಎಲೆಯನ್ನು ನಿಧಾನವಾಗಿ ತಿರುಗಿಸಿ. ತೇಪೆಯ ಕಪ್ಪು ಭಾಗ ಮುಗಿದು ಹಸಿರು ಶುರುವಾಗುವ ಗೆರೆಯಲ್ಲಿ ಬಿಳಿ ನವಿರು ಬೂಸ್ಟು ಇದೆಯಾ ನೋಡಿ. ಸುರುಳಿ ಹೊರಳಿದ ಎಲೆಯಾದರೆ ಬಿಡಿಸಿ ನೋಡಿ. ಕಣ್ಣು ಮಂಜಾದವರು ಮೊಬೈಲ್‌ನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿಕೊಳ್ಳಿ. ಬಿಳಿ ಬೂಸ್ಟು ಕಂಡಿತು ಅಂದರೆ ತಡ ಅಂಗಮಾರಿ ಅಂತ ಬಹುತೇಕ ಖಾತ್ರಿ. ಹತ್ತು ಗಂಟೆಗೆ ಬಿಸಿಲು ಏರಿದ ಮೇಲೆ ಹೋದರೆ ಇದು ಒಣಗಿ ಮಾಯವಾಗಿರುತ್ತದೆ. ಸಂಜೆ ಆಫೀಸಿಂದ ಬಂದು ನೋಡುವವರಿಗೆ ರೋಗ ಗೊತ್ತಾಗದೆ ಇರುವುದು ಇದಕ್ಕೇ.

ಬೂಸ್ಟು ಕಾಣಲಿಲ್ಲ, ಆದರೂ ಅನುಮಾನ ಇದೆಯಾ? ಚುಕ್ಕೆ ಇರುವ ಎಲೆ ಕಿತ್ತು, ಒದ್ದೆ ಮಾಡಿ ಹಿಂಡಿದ ಟಿಶ್ಯೂ ಹಾಸಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತಲೆಕೆಳಗಾಗಿ ಇಟ್ಟು ಮುಚ್ಚಿ. ಒಂದು ರಾತ್ರಿ ನೆರಳಿನಲ್ಲಿ ಇಡಿ. ಮರುದಿನ ಬೆಳಗ್ಗೆ ಚುಕ್ಕೆಯ ಅಂಚಿನಲ್ಲಿ ಬಿಳಿ ಬೆಳವಣಿಗೆ ಬಂದಿದ್ದರೆ ಅನುಮಾನ ತೀರಿತು. ಪೂರ್ತಿ ಒಣಗಿದ ಎಲೆ ಇಡಬೇಡಿ, ಹಸಿರು ಉಳಿದಿರುವ ಎಲೆಯೇ ಬೇಕು.

ಕಾಂಡ, ತೊಟ್ಟುಗಳಲ್ಲಿ ಕಂದುಗಪ್ಪು ಪಟ್ಟೆ ಬರುತ್ತದೆ. ಕಾಂಡ ಅಲ್ಲೇ ಮುರಿಯುತ್ತದೆ. ಕಾಯಿಯಲ್ಲಿ ಸಾಮಾನ್ಯವಾಗಿ ತೊಟ್ಟಿನ ಕಡೆಯ ಹೆಗಲಿನಿಂದ ಶುರು: ಎಣ್ಣೆ ಸವರಿದಂಥ ಕಂದು ತೇಪೆ, ಮುಟ್ಟಿದರೆ ಮೆತ್ತಗಿರುವುದಿಲ್ಲ, ಗಟ್ಟಿಯಾಗಿ ಸ್ವಲ್ಪ ಒರಟಾಗಿರುತ್ತದೆ. ಆಮೇಲೆ ಬೇರೆ ಕೊಳೆ ಸೇರಿಕೊಂಡು ಮೆತ್ತಗಾಗಿ ನಾತ ಹೊಡೆಯುತ್ತದೆ.

ಹೋಲುವ ಬೇರೆ ತೊಂದರೆಗಳೂ ಇವೆ. ಮೊದಲ ಅಂಗಮಾರಿ ಅಂತ ಇನ್ನೊಂದಿದೆ. ಅದು ಬುಡದ ಹಳೆ ಎಲೆಗಳಿಂದ ಮೇಲಕ್ಕೆ ಹತ್ತುತ್ತದೆ, ಚುಕ್ಕೆ ಒಳಗೆ ಒಂದರೊಳಗೊಂದು ಉಂಗುರ, ಸುತ್ತ ಹಳದಿ. ನಿಧಾನದ ರೋಗ ಅದು, ವಾರಗಟ್ಟಲೆ ಸಮಯ ಕೊಡುತ್ತದೆ. ಕಾಯಿಯ ತಳದಲ್ಲಿ, ಹೂವು ಇದ್ದ ಜಾಗದಲ್ಲಿ ಕಪ್ಪಾದರೆ ಅದು ರೋಗವೇ ಅಲ್ಲ, ನೀರು ಒಮ್ಮೆ ಹೆಚ್ಚು ಒಮ್ಮೆ ಕಡಿಮೆಯಾಗಿ ಕಾಯಿಗೆ ಸುಣ್ಣದಂಶ ಸಿಗದೆ ಆಗುವ ತೊಂದರೆ. ಇನ್ನು ಎಲೆ ಹಸಿರಾಗಿದ್ದಂತೆಯೇ ಇಡೀ ಗಿಡ ಬಾಡಿ ಬಿದ್ದರೆ ಸೊರಗು ರೋಗ ಇರಬಹುದು. ಬುಡದ ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ತೂಗುಹಾಕಿ, ಹಾಲಿನಂಥ ಎಳೆ ಇಳಿದರೆ ಅದೇ.

ಚುಕ್ಕೆ ಕಂಡ ದಿನ ಮಾಡಬೇಕಾದ್ದು

ಎಲೆ ಒದ್ದೆ ಇದ್ದಾಗ ಗಿಡ ಮುಟ್ಟಿ ಓಡಾಡಬೇಡಿ. ಬೆಳಗ್ಗೆ ನೋಡಿ ಗುರುತಿಟ್ಟುಕೊಳ್ಳಿ, ಕತ್ತರಿಸುವುದನ್ನು ಎಲೆ ಆರಿದ ಮೇಲೆ ಮಾಡಿ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಹಿಡಿದುಕೊಂಡು, ಚುಕ್ಕೆ ಬಂದ ಎಲೆಯನ್ನು ಕವರ್ ಒಳಗೇ ಇಟ್ಟು ಕತ್ತರಿಸಿ. ಉದುರಿಸಿಕೊಂಡು ಇಡೀ ಹಿತ್ತಲು ಸುತ್ತಬೇಡಿ. ಒಂದು ಗಿಡ ಮುಗಿದ ಮೇಲೆ ಕತ್ತರಿಗೆ ಸ್ಪಿರಿಟ್ ಒರೆಸಿ. ಮೊದಲು ಚೆನ್ನಾಗಿರುವ ಗಿಡ, ಕೊನೆಗೆ ರೋಗ ಬಂದ ಗಿಡ ನೋಡುವುದು ಒಳ್ಳೆಯದು.

ಕತ್ತರಿಸಿದ್ದನ್ನು ತಿಪ್ಪೆಗೆ ಎಸೆಯಬೇಡಿ. ಕವರ್ ಬಾಯಿ ಕಟ್ಟಿ ಒಂದೆರಡು ವಾರ ಬಿಸಿಲಿಗೆ ಇಡಿ, ಇಲ್ಲವೇ ಎರಡಡಿ ಗುಂಡಿ ತೋಡಿ ಮುಚ್ಚಿ. ಈ ಜೀವಿ ಹೆಚ್ಚಾಗಿ ಬದುಕುಳಿಯುವುದು ಜೀವಂತ ಗಿಡದ ಭಾಗಗಳಲ್ಲಿ, ಮುಖ್ಯವಾಗಿ ಆಲೂಗಡ್ಡೆಯಲ್ಲಿ. ಗಿಡ ಪೂರ್ತಿ ಒಣಗಿ ಸತ್ತರೆ ಅದರ ಆಟವೂ ಬಹುತೇಕ ಮುಗಿಯಿತು. ತೇವದ ತಿಪ್ಪೆ ಮೇಲೆ ಹಸಿರಾಗಿ ಬಿದ್ದಿರುವ ಬಳ್ಳಿಯೇ ಅಪಾಯ.

ಎಷ್ಟರವರೆಗೆ ಎಲೆ ಕೀಳುತ್ತಾ ಇರುವುದು, ಯಾವಾಗ ಗಿಡವನ್ನೇ ಕೀಳುವುದು? ನನ್ನ ಲೆಕ್ಕ ಹೀಗೆ. ಕೆಲವು ಎಲೆಗಳಲ್ಲಿ ಮಾತ್ರ ಇದ್ದು, ಮುಂದೆ ಬಿಸಿಲು ಇದೆ ಅಂದರೆ ಗಿಡ ಉಳಿಸಿಕೊಳ್ಳಬಹುದು. ಕಾಲು ಭಾಗ ಎಲೆ ಹೋಗಿದೆ, ಅಥವಾ ಮುಖ್ಯ ಕಾಂಡದಲ್ಲೇ ಕಪ್ಪು ಪಟ್ಟೆ ಬಂದಿದೆ, ಇನ್ನೂ ಮೋಡ ಇದೆ ಅಂದರೆ ಬುಡಸಮೇತ ಕಿತ್ತುಬಿಡಿ. ಕಾಯಿ ಬಿಟ್ಟ ಗಿಡ ಕೀಳುವುದಕ್ಕೆ ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಆ ಗಿಡದ ಕಾಯಿ ಹಣ್ಣಾಗುವ ತನಕ ಅದು ಅಕ್ಕಪಕ್ಕಕ್ಕೆಲ್ಲ ಬೀಜಕ ಹಂಚುತ್ತಾ ಇರುತ್ತದೆ.

ಕೀಳುವ ಮುಂಚೆ ಚುಕ್ಕೆ ಇಲ್ಲದ ಕಾಯಿ ಬಿಡಿಸಿಕೊಳ್ಳಿ. ಈ ರೋಗ ಮನುಷ್ಯರಿಗೆ ಅಂಟುವುದಲ್ಲ. ಔಷಧಿ ಹೊಡೆದಿಲ್ಲದಿದ್ದರೆ ಕಾಯಿ ಟೊಮೇಟೊ ಗೊಜ್ಜು, ಚಟ್ನಿ ಅವತ್ತೇ ಮಾಡಿ. ಹಣ್ಣಾಗಲಿ ಅಂತ ಇಡುವುದಾದರೆ ಪೇಪರ್ ಮೇಲೆ ಒಂದಕ್ಕೊಂದು ತಾಗದಂತೆ ಹರಡಿ, ದಿನಾ ನೋಡಿ. ಹೊರಗೆ ಚೆನ್ನಾಗಿ ಕಂಡ ಕಾಯಲ್ಲೂ ನಾಲ್ಕು ದಿನಕ್ಕೆ ಕಂದು ತೇಪೆ ಏಳುವುದುಂಟು.

ಎಲೆ ಒಣಗಿಸಿ ಇಡುವ ಉಪಾಯ

ಔಷಧಿಗಿಂತ ಇದಕ್ಕೇ ನಾನು ಜಾಸ್ತಿ ಬೆಲೆ ಕೊಡುತ್ತೇನೆ. ಪೈಪ್ ಹಿಡಿದು ಗಿಡದ ತಲೆ ಮೇಲೆ ನೀರು ಬಿಡುವ ಅಭ್ಯಾಸ ಮೊದಲು ಬಿಡಿ, ಅದರಲ್ಲೂ ಸಂಜೆ ಹೊತ್ತು. ನೀರು ಬುಡಕ್ಕೆ, ಬೆಳಗ್ಗೆ. ಗಿಡದಿಂದ ಗಿಡಕ್ಕೆ ಎರಡಡಿ, ಸಾಲಿಂದ ಸಾಲಿಗೆ ಮೂರಡಿ ಇರಲಿ. ಜಾಗ ಇದೆ ಅಂತ ಒಂದು ಕುಂಡದಲ್ಲಿ ಮೂರು ಸಸಿ ತುರುಕಿದರೆ ನಡುವಿನ ಎಲೆ ಯಾವತ್ತೂ ಆರುವುದಿಲ್ಲ. ಕಡ್ಡಿ ನೆಟ್ಟು ದಾರ ಕಟ್ಟಿ ಗಿಡ ಎತ್ತಿ ಕಟ್ಟಿ. ಬುಡದಿಂದ ಒಂದಡಿವರೆಗೆ ಎಲೆ ತೆಗೆದು ಗಾಳಿ ಆಡಲು ಬಿಡಿ. ಮಣ್ಣಿನ ಮೇಲೆ ರಾಗಿ ಹುಲ್ಲು ಹೊದಿಸಿದರೆ ಮಳೆ ಹನಿ ಬಡಿದು ಮಣ್ಣು ಎಲೆಗೆ ಸಿಡಿಯುವುದೂ ತಪ್ಪುತ್ತದೆ.

ಮಹಡಿ ತೋಟದವರಿಗೆ ಎಲ್ಲಕ್ಕಿಂತ ಒಳ್ಳೆಯದು ಮೇಲೊಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ನಾಲ್ಕು ಕಂಬ, ಇಳಿಜಾರಾಗಿ ಕಟ್ಟಿದ ಹಾಳೆ, ಪಕ್ಕಗಳು ಪೂರ್ತಿ ತೆರೆದಿರಬೇಕು. ಮಳೆ ಎಲೆಗೆ ಬೀಳುವುದಿಲ್ಲ, ಗಾಳಿ ಆಡುತ್ತದೆ. ಇಷ್ಟರಿಂದಲೇ ರೋಗದ ಕಾಟ ಬಹಳ ಇಳಿಯುತ್ತದೆ. ಹಸಿರು ನೆರಳು ಪರದೆ ಬೇರೆ, ಇದು ಬೇರೆ. ಪರದೆ ಮಳೆ ತಡೆಯುವುದಿಲ್ಲ, ಬಿಸಿಲು ತಡೆಯುತ್ತದೆ, ಎಲೆ ಆರುವುದು ಇನ್ನೂ ತಡ. ಮಳೆಗಾಲದಲ್ಲಿ ಅದನ್ನು ಸರಿಸಿಬಿಡಿ.

ಔಷಧಿ ಹೊಡೆಯುವುದಾದರೆ

ಮ್ಯಾಂಕೋಜೆಬ್, ಕಾಪರ್ ಆಕ್ಸಿಕ್ಲೋರೈಡ್ ಇವು ಎಲೆ ಮೇಲೆ ಕೂತು ಕಾಯುವ ಔಷಧಿಗಳು. ಒಳಗೆ ಹೊಕ್ಕ ರೋಗವನ್ನು ಇವು ಓಡಿಸುವುದಿಲ್ಲ. ಆದ್ದರಿಂದ ಮೋಡದ ಸುದ್ದಿ ಬಂದಾಗಲೇ, ಚುಕ್ಕೆ ಬರುವ ಮುಂಚೆ ಹೊಡೆಯಬೇಕು. ಮ್ಯಾಂಕೋಜೆಬ್ 75% ಪುಡಿ ಲೀಟರ್ ನೀರಿಗೆ 2ರಿಂದ 2.5 ಗ್ರಾಂ, ಅಥವಾ ಕಾಪರ್ ಆಕ್ಸಿಕ್ಲೋರೈಡ್ 50% ಪುಡಿ 3 ಗ್ರಾಂ. ಎರಡರಲ್ಲಿ ಒಂದು ಸಾಕು. ಔಷಧಿ ಎಲೆಗೆ ಹಿಡಿದುಕೊಳ್ಳಲು ಅಂಟು ದ್ರಾವಣ ಸ್ವಲ್ಪ ಸೇರಿಸಿ, ಎಲೆಯ ಕೆಳಭಾಗ ನೆನೆಯುವಂತೆ ಹೊಡೆಯಿರಿ. ಮಳೆ ಬಿಟ್ಟು ಎರಡು ಮೂರು ಗಂಟೆ ಬಿಡುವು ಸಿಗುವ ಹೊತ್ತು ನೋಡಿಕೊಳ್ಳಿ. ಏಳು ದಿನಕ್ಕೊಮ್ಮೆ, ಮಳೆ ಜೋರಿದ್ದರೆ ಐದು ದಿನಕ್ಕೆ. ಹೊಸದಾಗಿ ಚಿಗುರಿದ ಎಲೆಗೆ ಹಳೆ ಔಷಧಿಯ ರಕ್ಷಣೆ ಇರುವುದಿಲ್ಲ, ನೆನಪಿರಲಿ.

ಸುರುವಿನ ಹಂತದಲ್ಲಿ ಒಳಗೆ ಹೊಕ್ಕು ಕೆಲಸ ಮಾಡುವ ಔಷಧಿಗಳೂ ಇವೆ: ಸೈಮೋಕ್ಸಾನಿಲ್ ಜೊತೆ ಮ್ಯಾಂಕೋಜೆಬ್, ಡೈಮೆಥೋಮಾರ್ಫ್, ಮ್ಯಾಂಡಿಪ್ರೊಪಮಿಡ್. ಮೆಟಲಾಕ್ಸಿಲ್ ಇರುವ ಮಿಶ್ರಣವನ್ನು ಹಳಬರು ಕಣ್ಣುಮುಚ್ಚಿ ನಂಬುತ್ತಿದ್ದರು. ಆದರೆ ಯೂರೋಪಿನಲ್ಲಿ ಮೊದಲು ಕಾಣಿಸಿಕೊಂಡ 13_ಎ2 ಎಂಬ ರೋಗಾಣು ತಳಿ 2009–10ರ ಹೊತ್ತಿಗೆ ನಮ್ಮ ಕಡೆಯ ಟೊಮೇಟೊ ತೋಟಗಳಿಗೂ ಬಂತು. ಅದು ಮೆಟಲಾಕ್ಸಿಲ್‌ಗೆ ಬಗ್ಗುವುದಿಲ್ಲ. ಪಕ್ಕದ ತೋಟದಲ್ಲಿ ಹೊಡೆದರೂ ನಿಲ್ಲಲಿಲ್ಲ ಅಂತ ಕೇಳಿದ್ದರೆ ಅದಕ್ಕೆ ಇದೂ ಕಾರಣ ಇರಬಹುದು. ಯಾವ ಔಷಧಿಯನ್ನೂ ಬಿಡದೆ ಅದೇ ಅದೇ ಹೊಡೆಯಬಾರದು, ಬೇರೆ ಗುಂಪಿನದಕ್ಕೆ ಬದಲಿಸುತ್ತಾ ಇರಬೇಕು.

ನೇರವಾಗಿ ಹೇಳಬೇಕು ಅಂದರೆ, ಮನೆಮಟ್ಟದ ನಾಲ್ಕು ಗಿಡಕ್ಕೆ ಈ ದುಬಾರಿ ಔಷಧಿ ತರುವುದು ನನಗೆ ಸರಿ ಕಾಣುವುದಿಲ್ಲ. ತಾಮ್ರದ ಔಷಧಿಯಲ್ಲಿ ನಿಂತರೆ ನಿಂತಿತು, ಇಲ್ಲದಿದ್ದರೆ ಗಿಡ ಕಿತ್ತು ಬೀನ್ಸ್ ಬೀಜ ಊರಿ. ಮೂವತ್ತು ನಲವತ್ತು ಗಿಡ ಇರುವವರ ಮಾತು ಬೇರೆ.

ಏನೇ ಹೊಡೆದರೂ ಕೈಗವಸು, ಮಾಸ್ಕ್, ತುಂಬು ತೋಳಿನ ಬಟ್ಟೆ ಬೇಕು. ಅಡುಗೆಮನೆಯ ಚಮಚ, ಲೋಟ ಅಳತೆಗೆ ಬಳಸಬೇಡಿ. ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಕಾಯಿ ಕೀಳಬೇಕು ಅಂತ ಪೊಟ್ಟಣದ ಮೇಲೆ ಇರುತ್ತದೆ, ಅಷ್ಟು ದಿನ ತಡೆಯಿರಿ. ಉಳಿದ ದ್ರಾವಣವನ್ನು ಕೆರೆ, ಚರಂಡಿಗೆ ಸುರಿಯಬೇಡಿ. ತಾಮ್ರ ಮೀನಿಗೆ ವಿಷ.

ಹುಳಿ ಮಜ್ಜಿಗೆ, ಬೂದಿ, ಅರಿಶಿನದ ನೀರು? ಎಲೆ ಮೇಲೆ ಬಿಳಿ ಪುಡಿಯಂತೆ ಕೂರುವ ಬೂದಿ ರೋಗಕ್ಕೆ ಹಾಲಿನ ನೀರು ಸ್ವಲ್ಪ ಕೆಲಸ ಮಾಡುತ್ತದೆ. ತಡ ಅಂಗಮಾರಿಗೆ ಇವನ್ನು ನಂಬಿ ಕೂರಬೇಡಿ.

ಬೋರ್ಡೋ ದ್ರಾವಣ ಮನೆಯಲ್ಲೇ

ತೆಂಗು, ಅಡಿಕೆ ಇರುವ ತುಮಕೂರು ಕಡೆಯವರಿಗೆ ಮೈಲುತುತ್ತಕ್ಕೆ (ಕಾಪರ್ ಸಲ್ಫೇಟ್) ಸುಣ್ಣ ಬೆರೆಸಿ ಮಾಡುವ ಈ ದ್ರಾವಣ ಹೊಸದಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆ ಕಟ್ಟಿದ ಲೆಸ್ಲಿ ಕೋಲ್ಮನ್ ಅವರು ಅಡಿಕೆ ಕೊಳೆರೋಗಕ್ಕೆ ಇದನ್ನೇ ರೂಢಿಗೆ ತಂದರು. ಎರಡು ಲೀಟರ್‌ಗೆ 20 ಗ್ರಾಂ ಮೈಲುತುತ್ತ, 20 ಗ್ರಾಂ ಸುಟ್ಟ ಸುಣ್ಣ. ಎಳೆ ಗಿಡಕ್ಕೆ ಎರಡನ್ನೂ ಅರ್ಧ ಮಾಡಿ.

ಪ್ಲಾಸ್ಟಿಕ್ ಬಕೆಟ್ ಮಾತ್ರ ಬಳಸಿ, ಲೋಹದ ಪಾತ್ರೆ ಬೇಡ. ಒಂದು ಲೀಟರ್ ನೀರಿನಲ್ಲಿ ಮೈಲುತುತ್ತ ಕರಗಿಸಿ. ಬಿಸಿನೀರಾದರೆ ಬೇಗ ಕರಗುತ್ತದೆ, ಆಮೇಲೆ ಆರಲು ಬಿಡಿ. ಇನ್ನೊಂದು ಬಕೆಟ್‌ನಲ್ಲಿ ಸುಣ್ಣಕ್ಕೆ ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸಿ ಅರಳಿಸಿ, ಅದು ಕುದಿಯುತ್ತದೆ, ಮುಖ ದೂರ ಇರಲಿ. ತಣ್ಣಗಾದ ಮೇಲೆ ಒಂದು ಲೀಟರ್ ಮಾಡಿ ಬಟ್ಟೆಯಲ್ಲಿ ಸೋಸಿ. ಈಗ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕೋಲಿನಿಂದ ಕದಡಿ. ಉಲ್ಟಾ ಮಾಡಬೇಡಿ. ತಿಳಿ ಆಕಾಶದ ನೀಲಿ ಬರಬೇಕು.

ಹೊಡೆಯುವ ಮುಂಚೆ ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕು ಅಥವಾ ಮೊಳೆಯನ್ನು ಅದರಲ್ಲಿ ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪಗೆ ತಾಮ್ರದ ಲೇಪ ಕೂತಿದ್ದರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಇನ್ನಷ್ಟು ಸುಣ್ಣದ ನೀರು ಹಾಕಿ ಮತ್ತೆ ಅದ್ದಿ ನೋಡಿ. ಬಣ್ಣ ಬದಲಾಗದಿದ್ದರೆ ಸರಿ. ಮಾಡಿದ ದಿನವೇ ಮುಗಿಸಿ, ಬೇರೆ ಔಷಧಿ ಜೊತೆ ಬೆರೆಸಬೇಡಿ.

ಆಲೂಗಡ್ಡೆ ಹಾಕಿದವರಿಗೆ

ಮಾಲೂರು, ಚಿಕ್ಕಬಳ್ಳಾಪುರ ಕಡೆ ಆಲೂಗಡ್ಡೆ ಸಾಮಾನ್ಯ, ಇದೇ ರೋಗ ಅದಕ್ಕೂ ಬರುತ್ತದೆ. ಎಲೆಯ ಲಕ್ಷಣ ಅದೇ. ಗೆಡ್ಡೆಯ ಸಿಪ್ಪೆ ಮೇಲೆ ನೇರಳೆ ಛಾಯೆಯ ತಗ್ಗು, ಕತ್ತರಿಸಿದರೆ ಒಳಗೆ ಕೆಂಪುಗಂದು ಒಣ ಕೊಳೆ. ಕೀಳುವ ಎರಡು ವಾರ ಮುಂಚೆ ಮೇಲಿನ ಬಳ್ಳಿ ಕತ್ತರಿಸಿ ಹೊರಗೆ ಸಾಗಿಸಿ. ಇಲ್ಲದಿದ್ದರೆ ಕೀಳುವಾಗ ಎಲೆಯಿಂದ ಗೆಡ್ಡೆಗೆ ಅಂಟುತ್ತದೆ. ಅಡುಗೆಮನೆಯಲ್ಲಿ ಮೊಳಕೆ ಬಂದ ಗೆಡ್ಡೆಯನ್ನು ಟೊಮೇಟೊ ಕುಂಡದ ಪಕ್ಕ ಊರುವ ಆಸೆ ಬಿಡಿ, ಟೊಮೇಟೊ ಬೀಜದಿಂದ ಬಾರದ ಈ ರೋಗ ಗೆಡ್ಡೆಯಿಂದ ಬರುತ್ತದೆ. ಹೋದ ಸಲದ್ದು ತಾನಾಗಿ ಹುಟ್ಟಿದರೆ ಅದನ್ನೂ ಕಿತ್ತುಹಾಕಿ. ಬೇಲಿ ಬದಿಯ ಗಣಿಕೆ ಗಿಡದ ಮೇಲೂ ಒಂದು ಕಣ್ಣಿರಲಿ, ಅದೂ ಇದೇ ಕುಟುಂಬ.

ಮುಂದಿನ ಸಲ ಯಾವ ತಳಿ

ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಲ್ಲರಿಗೂ ಗೊತ್ತು. ಆದರೆ ಅದು ತಡೆಯುವುದು ಎಲೆ ಮುದುರು, ಸೊರಗು, ಮೊದಲ ಅಂಗಮಾರಿ ಈ ಮೂರನ್ನು. ತಡ ಅಂಗಮಾರಿಯೂ ಸೇರಿ ನಾಲ್ಕಕ್ಕೆ ನಿರೋಧ ಇರುವುದು ಅದೇ ಸಂಸ್ಥೆಯ ಅರ್ಕಾ ಅಭೇದ್. ಮಳೆಗಾಲಕ್ಕೆ ಹಾಕುವುದಾದರೆ ಅದನ್ನೇ ಕೇಳಿ ತನ್ನಿ. ಆಲೂಗಡ್ಡೆಯಲ್ಲಿ ಕುಫ್ರಿ ಜ್ಯೋತಿಗಿಂತ ಕುಫ್ರಿ ಹಿಮಾಲಿನಿ ತಡೆದುಕೊಳ್ಳುತ್ತದೆ. ಕಿತ್ತ ಜಾಗಕ್ಕೆ ಮತ್ತೆ ಟೊಮೇಟೊ, ಆಲೂಗಡ್ಡೆ ಬೇಡ. ಸೊಪ್ಪು, ಹುರುಳಿಕಾಯಿ, ಮೂಲಂಗಿ ಹಾಕಿ.

ರೋಗ ಯಾವುದೆಂದು ಇನ್ನೂ ಗೊತ್ತಾಗದಿದ್ದರೆ ಕೋಲಾರದವರಿಗೆ ಟಮಕದಲ್ಲಿ, ಚಿಕ್ಕಬಳ್ಳಾಪುರದವರಿಗೆ ಚಿಂತಾಮಣಿ ಹತ್ತಿರ ಕುರುಬೂರಿನಲ್ಲಿ, ತುಮಕೂರಿನವರಿಗೆ ಹಿರೇಹಳ್ಳಿ, ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಕೇಳಬಹುದು. ಮಾದರಿ ಒಯ್ಯುವಾಗ ಹೊಸ ಚುಕ್ಕೆ ಇರುವ ನಾಲ್ಕು ಎಲೆ, ಒಂದು ಕಾಯಿ ಸಾಕು. ಪೇಪರ್‌ನಲ್ಲಿ ಸುತ್ತಿ, ಮೇಲೆ ಕವರ್ ಹಾಕಿ ಬಾಯಿ ಕಟ್ಟಿ, ಅವತ್ತೇ ಕೊಡಿ. ದಾರಿಯಲ್ಲಿ ಯಾರ ಟೊಮೇಟೊ ತೋಟದೊಳಗೂ ಇಳಿಯಬೇಡಿ.